ಗುಜರಿ ಸೇರಿದ ಪರಮಾಣು ಗಡಿಯಾರಕ್ಕೆ ತಕ್ಕ ಕನೆಕ್ಟರ್

ಪರಮಾಣು ಗಡಿಯಾರವೆಂದರೆ ದೊಡ್ಡ ಪ್ರಯೋಗಾಲಯಗಳ ಸೊತ್ತು ಎಂಬ ಭಾವನೆ ನಮ್ಮಲ್ಲಿದೆ. ಆದರೆ ಮೊಬೈಲ್ ಜಾಲಗಳು ಹೊಸ ತಂತ್ರಜ್ಞಾನಕ್ಕೆ ಹೊರಳಿದಾಗ, ಹಳೆಯ ಟವರ್‌ಗಳ ಉಪಕರಣಗಳ ಜೊತೆ ಅವುಗಳೊಳಗಿನ ಪುಟ್ಟ ಪರಮಾಣು ಗಡಿಯಾರಗಳಾದ ರುಬಿಡಿಯಂ ಆಸಿಲೇಟರ್‌ಗಳೂ ಗುಜರಿಗೆ ಬರುತ್ತವೆ. ಹ್ಯಾಮ್ ರೇಡಿಯೊ ಹವ್ಯಾಸಿಗಳು ಇವನ್ನು ಕೊಂಡು ಮತ್ತೆ ದುಡಿಸುತ್ತಾರೆ. ಅದಕ್ಕೆ ಹೊಂದುವ ಕನೆಕ್ಟರ್, ಕೇಬಲ್ ಗುರುತಿಸುವುದೇ ಇಲ್ಲಿನ ಮುಖ್ಯ ಕಸುಬು.

ಹವ್ಯಾಸಿಗಳ ನಡುವೆ ಹೆಸರಾದ ಎಫ್‌ಇ-5680ಎ ರುಬಿಡಿಯಂ ಪೆಟ್ಟಿಗೆಯನ್ನೇ ನೋಡಿ. ಅದರ ಮೈಮೇಲಿರುವುದು ಹಳೆಯ ಕಂಪ್ಯೂಟರಿನ ಸೀರಿಯಲ್ ಪೋರ್ಟ್‌ನಂಥದೇ ಒಂಬತ್ತು ಪಿನ್ನಿನ ಕನೆಕ್ಟರ್. ಹಾಗೆಂದು ಕಂಪ್ಯೂಟರ್ ಕೇಬಲನ್ನು ನೇರವಾಗಿ ಸಿಕ್ಕಿಸುವಂತಿಲ್ಲ. ಸಾಮಾನ್ಯವಾಗಿ ಸಿಗುವ ಮಾದರಿಯಲ್ಲಿ 1ನೇ ಪಿನ್‌ಗೆ 15 ವೋಲ್ಟ್, 4ನೇ ಪಿನ್‌ಗೆ 5 ವೋಲ್ಟ್ ಕೊಡಬೇಕು. 10 ಮೆಗಾಹರ್ಟ್ಸ್ ಸಂಕೇತ ಹೊರಬರುವುದು 7ನೇ ಪಿನ್ನಿನಿಂದ. ಹೆಸರು ಒಂದೇ ಇದ್ದರೂ ಒಳಗಿನ ಜೋಡಣೆ ಬೇರೆಯಿರುವ ಪೆಟ್ಟಿಗೆಗಳೂ ಇವೆ. ಒಳಗಿನ ರುಬಿಡಿಯಂ ದೀಪ ಬಿಸಿಯೇರುವ ಮೊದಲ ಕೆಲವು ನಿಮಿಷ ಇದು ಸುಮಾರು 2 ಆಂಪಿಯರ್ ಎಳೆಯುತ್ತದೆ. ಕೂದಲೆಳೆಯಂಥ ತಂತಿ ಹಾಕಿದರೆ ವೋಲ್ಟೇಜ್ ಕುಸಿದು ಗಡಿಯಾರ ರುಬಿಡಿಯಂ ಆವರ್ತನಕ್ಕೆ ಲಾಕ್ ಆಗದೆ ಉಳಿಯಬಹುದು.

ಸಂಕೇತ ಸಾಗಿಸುವ ಕೇಬಲಿನದು ಮತ್ತೊಂದು ಲೆಕ್ಕ. ಬಿಎನ್‌ಸಿ ಕನೆಕ್ಟರ್‌ಗಳಲ್ಲಿ 50 ಓಮ್, 75 ಓಮ್ ಎಂಬ ಎರಡು ಬಗೆ. ಒಂದಕ್ಕೊಂದು ಕೂರುತ್ತವೆ, ಆದರೆ ಓಮ್ ಹೊಂದದಿದ್ದರೆ ಸೆಕೆಂಡಿಗೊಮ್ಮೆ ಬರುವ ಪಲ್ಸಿನ ಅಂಚು ಕೆಡುತ್ತದೆ. ಎನ್ ಮಾದರಿಯಲ್ಲಿ ಇನ್ನೂ ಎಚ್ಚರ ಬೇಕು: 50 ಓಮ್ ಪ್ಲಗ್‌ನ ದಪ್ಪ ನಡುಪಿನ್ನು 75 ಓಮ್ ಸಾಕೆಟ್ಟನ್ನು ಸೀಳಿಬಿಡಬಲ್ಲದು. ಆರ್‌ಜಿ-58 ಕೇಬಲಿನಲ್ಲಿ ಸಂಕೇತಕ್ಕೆ ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡ್ ಹಿಡಿಯುತ್ತದೆ. ಗಡಿಯಾರವನ್ನು ಹೋಲಿಸಿ ನೋಡಲು ಮಾಳಿಗೆಯ ಜಿಪಿಎಸ್ ಆಂಟೆನಾದಿಂದ 30 ಮೀಟರ್ ಕೇಬಲ್ ಇಳಿಸಿದರೆ 150 ನ್ಯಾನೊಸೆಕೆಂಡ್ ತಡ. ಅದನ್ನು ಲೆಕ್ಕದಲ್ಲಿ ಕಳೆಯಲೇಬೇಕು. ಆಂಟೆನಾಕ್ಕೆ ವಿದ್ಯುತ್ತೂ ಸಾಮಾನ್ಯವಾಗಿ ಅದೇ ಕೇಬಲಿನಲ್ಲಿ ಹತ್ತುವುದರಿಂದ, ಅದು 3.3 ವೋಲ್ಟಿನದೋ 5 ವೋಲ್ಟಿನದೋ ಎಂದು ಮೊದಲೇ ತಿಳಿದಿರಬೇಕು.

ಬಿಎನ್‌ಸಿ, ಒಂಬತ್ತು ಪಿನ್ನಿನ ಕನೆಕ್ಟರ್‌ಗಳು ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. ಹೊರಡುವಾಗ ಪೆಟ್ಟಿಗೆಯ ಲೇಬಲ್ಲಿನ ಪೂರ್ತಿ ಪಾರ್ಟ್ ನಂಬರ್ ಬರೆದುಕೊಳ್ಳಿ, ಪಿನ್‌ಗಳ ನಡುವಿನ ಅಂತರ ಅಳೆದುಕೊಳ್ಳಿ, ಹಳೆಯ ಕನೆಕ್ಟರ್ ಇದ್ದರೆ ಜೊತೆಗೊಯ್ಯಿರಿ. ಬೆಸುಗೆ ಮುಗಿದ ಮೇಲೆ ಮಲ್ಟಿಮೀಟರಿನಲ್ಲಿ ಪ್ರತಿ ಪಿನ್ನನ್ನೂ ಪರೀಕ್ಷಿಸಿ, ಆಮೇಲಷ್ಟೇ ಸ್ವಿಚ್ ಹಾಕಿ. ತಪ್ಪು ಪಿನ್ನಿಗೆ ಹೋದ 15 ವೋಲ್ಟಿಗೆ ಪರಿಹಾರವಿಲ್ಲ.