ಗುಡಿಯಂಗಳದ ಚಪಾತಿ ಚಿತ್ರ

ಬೆಳಗಿನ ಡೈರಿ ಮುಗಿದಿತ್ತು. ಹಾಲು ಹಾಕಿ ಖಾಲಿ ಕ್ಯಾನು ಹಿಡಿದು ಮನೆಗೆ ಹೊರಟವರೆಲ್ಲ ಮಾರಮ್ಮನ ಗುಡಿ ಮುಂದೆ ಒಂದು ಗಳಿಗೆ ನಿಂತು ನೋಡಿಯೇ ಹೋಗುತ್ತಿದ್ದರು. ಸಗಣಿ ಸಾರಿಸಿದ ಅಂಗಳದಲ್ಲಿ ಹತ್ತು ಮಂದಿ ಹುಡುಗ ಹುಡುಗಿಯರು ಕುಕ್ಕರುಗಾಲಲ್ಲಿ ಕೂತು ಊರು ಬರೆಯುತ್ತಿದ್ದರು. ನಾಲೆಗೆ ನೀಲಿ ರಂಗೋಲಿ ಪುಡಿ, ಗದ್ದೆಗೆ ಹಸಿರು, ಬೀದಿಗೆ ಬಿಳಿ, ಆಲೆಮನೆಗೆ ಒಲೆಯಿಂದ ತಂದ ಬೂದಿ. ಕಬ್ಬಿಗೆ ಬಣ್ಣ ಸಾಲದೆ ಒಬ್ಬ ಹುಡುಗ ಬೇಲಿಯಿಂದ ಎಲೆ ಕಿತ್ತು ತಂದು ಉದುರಿಸಿದ. ಮೇಕೆಯೊಂದು ಕಬ್ಬಿನ ಗದ್ದೆಗೆ ಬಾಯಿ ಹಾಕಿತು. ಎಲ್ಲರೂ ನಕ್ಕರು.

ಗುಡಿಯ ಜಗಲಿ ಮೇಲೆ ಕೂತಿದ್ದ ಮುದುಕಿ ಮಾತ್ರ ನಗಲಿಲ್ಲ. ಆಕೆಯ ಕಣ್ಣು ನೀಲಿ ಗೆರೆಯ ಮೇಲಿತ್ತು.

“ಇಲ್ಲೀಗಂಟ ಒಂದೇ ಸಮಕ್ಕೆ ನೀಲಿ ಹಾಕಿದ್ದೀಯಲ್ಲವ್ವ. ಆ ಕೊನೆ ತೂಬಿಗೆ ನೀರು ಯಾವಾಗ ಬತ್ತದೆ ಗೊತ್ತಾ?”

ಗೆರೆ ಎಳೆಯುತ್ತಿದ್ದ ಹುಡುಗಿ ಕೊಪ್ಪಳದ ಕಡೆಯವಳು. “ಹೇಳ್ರೀ ಅಜ್ಜಿ, ಹಂಗ ತಗೀತೀನಿ” ಎಂದಳು. ಅಜ್ಜಿ ಹೇಳಿದಂತೆ ಆಲೆಮನೆ ದಾಟಿದ ಮೇಲೆ ನೀಲಿಯನ್ನು ಬೆರಳಿಂದ ಒರೆಸಿ ತೆಳ್ಳಗೆ ಮಾಡಿದಳು. ಕೊನೆಯ ನಾಲ್ಕು ಗದ್ದೆಗಳ ಹತ್ತಿರ ಬರಿಯ ಚುಕ್ಕಿ ಇಟ್ಟಳು. ಯಾವ ನಕ್ಷೆಯಲ್ಲೂ ಇಲ್ಲದ ಸಂಗತಿ ಈ ಅಂಗಳದಲ್ಲಿ ಮೂಡಿದ್ದು ಹೀಗೆ.

ಇವರು ಬಿ.ಎಸ್ಸಿ. ಕೃಷಿಯ ಕೊನೆಯ ವರ್ಷದವರು. ನಾಲ್ಕು ವರ್ಷ, ಎಂಟು ಸೆಮಿಸ್ಟರಿನ ಓದು. ಮಣ್ಣು, ಬೇಸಾಯ, ಕೀಟ, ರೋಗ, ತಳಿ, ಅರ್ಥಶಾಸ್ತ್ರ, ವಿಸ್ತರಣೆ ಎಲ್ಲವನ್ನೂ ಒಂದೊಂದು ಸುತ್ತು ಓದಿ, ಪರೀಕ್ಷೆ ಬರೆದು, ಏಳನೆಯ ಸೆಮಿಸ್ಟರಿಗೆ ಹಳ್ಳಿಗೆ ಬಂದು ನೆಲೆಸಬೇಕು. ಕಡತದಲ್ಲಿ ಅದು ಗ್ರಾಮೀಣ ಕೃಷಿ ಕಾರ್ಯಾನುಭವ. ಇವರ ಬಾಯಲ್ಲಿ ‘ರಾವೆ’. ಊರಿನಲ್ಲಿ ಬಾಡಿಗೆಗೆ ಹಿಡಿದ ಮನೆಯಲ್ಲಿ ಸರದಿಯ ಅಡುಗೆ. ಸಂಜೆಯಾದರೆ ಡೈರಿ ಬರೆಯಬೇಕು. ಊರಿನವರಿಗೆ ಡೈರಿ ಎಂದರೆ ಹಾಲು, ಇವರಿಗೆ ದಿನಚರಿ ಪುಸ್ತಕ. ಈ ಎರಡು ಡೈರಿಗಳ ಗೊಂದಲದಿಂದ ಮೊದಲ ವಾರ ಸಾಕಷ್ಟು ತಮಾಷೆಯಾಗಿತ್ತಂತೆ.

ಹತ್ತರಲ್ಲಿ ಆರು ಮಂದಿ ಹುಡುಗಿಯರು. ನಾಲ್ವರು ರೈತ ಮಕ್ಕಳ ಕೋಟಾದಲ್ಲಿ ಸೀಟು ಪಡೆದವರು. ಶೇ 40 ಇದ್ದ ಆ ಕೋಟಾವನ್ನು ಶೇ 50ಕ್ಕೆ ಏರಿಸುವುದಾಗಿ ಸರ್ಕಾರ 2021ರಲ್ಲಿ ಘೋಷಿಸಿತು. ಬರಿಯ ಪಹಣಿ ತೋರಿಸಿದರೆ ಸಾಲದು, ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸಬೇಕು. ಸಾಲಾಗಿ ಇಟ್ಟ ಬೀಜ, ಗಿಡ, ಉಪಕರಣಗಳನ್ನು ನೋಡಿ ಹೆಸರು ಹೇಳಬೇಕು. “ನವಣೆ, ಸಾಮೆ ಪಕ್ಕಪಕ್ಕ ಇಟ್ಟಿದ್ರು ಸಾರ್. ಎಷ್ಟೋ ಜನ ಅಲ್ಲೇ ಎಡವಿದ್ರು” ಎಂದ ಚಿತ್ರದುರ್ಗದ ಹುಡುಗ. ಅವನಿಗೆ ಅದು ಕಷ್ಟವಾಗಲಿಲ್ಲ; ಮನೆಯಲ್ಲಿ ಕೇರುವ ಮೊರದಲ್ಲೇ ಎರಡನ್ನೂ ಕಂಡಿದ್ದ. ನನ್ನ ಮಟ್ಟಿಗೆ ಇದಕ್ಕಿಂತ ನ್ಯಾಯವಾದ ಪ್ರವೇಶ ಪರೀಕ್ಷೆ ಬೇರೆ ಇಲ್ಲ.

ಒಂಬತ್ತು ಗಂಟೆಯ ಬಿಸಿಲಿಗೆ ಗದ್ದೆಗೆ ಹೊರಟರು. ಬದು ಜಾರುತ್ತಿತ್ತು. ಬೆಂಗಳೂರಿನ ಹುಡುಗಿಯೊಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದೇ ನಡೆದಳು. ನಾಟಿಯಾಗಿ ತಿಂಗಳಾದ ಭತ್ತ. ಅವರ ಕೈಯಲ್ಲಿ ಅಂಗೈ ಉದ್ದದ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ತಿಳಿಹಸಿರಿನಿಂದ ಕಡುಹಸಿರಿನವರೆಗೆ ಪಟ್ಟೆಗಳು. ಪೂರ್ತಿ ಬಿಚ್ಚಿಕೊಂಡ ಮೇಲಿನ ಎಲೆಯನ್ನು ಕೀಳದೆ, ಬಿಸಿಲು ಬೀಳದಂತೆ ತಮ್ಮ ಮೈ ನೆರಳಲ್ಲಿ ಹಿಡಿದು, ಪಟ್ಟಿಯ ಬಣ್ಣಕ್ಕೆ ಹೋಲಿಸಬೇಕು. ಗದ್ದೆಯ ಬೇರೆ ಬೇರೆ ಕಡೆ ಹತ್ತು ಎಲೆ ನೋಡಬೇಕು. ಅರ್ಧಕ್ಕಿಂತ ಹೆಚ್ಚು ಎಲೆಗಳು ಗೊತ್ತುಮಾಡಿದ ಪಟ್ಟೆಗಿಂತ ತಿಳಿಯಾಗಿದ್ದರೆ ಯೂರಿಯಾ ಬೇಕು, ಇಲ್ಲದಿದ್ದರೆ ಬೇಡ. ಯೂರಿಯಾ ಹೆಚ್ಚಾದರೆ ಪೈರು ಕಣ್ಣಿಗೆ ಚೆಂದ, ಆದರೆ ಬೆಂಕಿ ರೋಗಕ್ಕೂ ಕಂದು ಜಿಗಿಹುಳಕ್ಕೂ ಹಬ್ಬ. ಹುಡುಗರು ಇದನ್ನೆಲ್ಲ ಒಪ್ಪವಾಗಿ ವಿವರಿಸಿದರು.

ಗದ್ದೆಯ ಯಜಮಾನರು ಕೊನೆಯವರೆಗೂ ಕೇಳಿಸಿಕೊಂಡರು. ಪಟ್ಟಿಯನ್ನು ತಾವೇ ಹಿಡಿದು ಎರಡು ಎಲೆಗೆ ಹೋಲಿಸಿದರು.

“ಚೆಂದಾಗದೆ ಕಣಪ್ಪ. ಆದ್ರೆ ನಾವು ಯೂರಿಯಾ ಹಾಕೋದು ಎಲೆ ಕೇಳ್ದಾಗಲ್ಲ, ಅಂಗಡೀಲಿ ಸಿಕ್ಕಿದಾಗ.”

ಯಾರೂ ಮಾತಾಡಲಿಲ್ಲ. ಚಿತ್ರದುರ್ಗದ ಹುಡುಗ ಜೇಬಿನಿಂದ ಪುಸ್ತಕ ತೆಗೆದು ಆ ಮಾತನ್ನು ಹಾಗೆಯೇ ಬರೆದುಕೊಂಡ. ಒಳ್ಳೆಯ ವಿದ್ಯಾರ್ಥಿ ಎನ್ನಿಸಿತು.

ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. ಆಮೇಲೆ ಅದೇ ಗುಡಿಯಂಗಳದಲ್ಲಿ ‘ಚಪಾತಿ ಚಿತ್ರ’ ಶುರುವಾಯಿತು. ಹೆಸರು ಕೇಳಿ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಆಟ ಸುಲಭ. ನಡುವೆ ಊರು. ಸುತ್ತ ರಟ್ಟಿನಲ್ಲಿ ಕತ್ತರಿಸಿದ ದುಂಡನೆಯ ಬಿಲ್ಲೆಗಳು. ಊರಿಗೆ ಹೆಚ್ಚು ಬೇಕಾದ ಸಂಸ್ಥೆಗೆ ದೊಡ್ಡ ಬಿಲ್ಲೆ, ಕಡಿಮೆ ಬೇಕಾದದ್ದಕ್ಕೆ ಚಿಕ್ಕದು. ಕೈಗೆ ಸಿಗುವುದು ಹತ್ತಿರ, ಸಿಗದಿರುವುದು ದೂರ. ಇಡಬೇಕಾದವರು ಊರಿನವರು, ವಿದ್ಯಾರ್ಥಿಗಳು ಬಾಯಿ ಬಿಡುವಂತಿಲ್ಲ.

ಹಾಲಿನ ಡೈರಿಗೆ ಎಲ್ಲಕ್ಕಿಂತ ದೊಡ್ಡ ಬಿಲ್ಲೆ, ಊರಿಗೆ ಅಂಟಿದಂತೆ. ಅದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಎರಡನೆಯದು ಗೊಬ್ಬರ, ಔಷಧಿ ಅಂಗಡಿ. ಬ್ಯಾಂಕು ದೊಡ್ಡದೇ, ಆದರೆ ಒಂದು ಮಾರು ದೂರ. ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಎಲ್ಲಿಡಬೇಕೆಂದು ಗಲಾಟೆಯೇ ಆಯಿತು. “ಬೀಜಕ್ಕೆ ಕ್ಯೂ ನಿಂತಾಗ ಹತ್ರ, ಮಿಕ್ಕಾಗ ದೂರ” ಎಂದ ಒಬ್ಬ. ನಡುದೂರದಲ್ಲಿಟ್ಟು ರಾಜಿ ಮಾಡಿಕೊಂಡರು. ಕೃಷಿ ವಿಶ್ವವಿದ್ಯಾಲಯದ ಬಿಲ್ಲೆ ಅಂಗಳದ ಅಂಚಿಗೆ, ಚಪ್ಪಲಿ ಬಿಟ್ಟ ಜಾಗದ ಹತ್ತಿರ ಹೋಯಿತು. ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡರು.

ನನಗೆ ಹೊಳೆದದ್ದು ಬೇರೆ. ಈ ಮಕ್ಕಳು ಮುಂದೆ ಸೇರುವುದೆಲ್ಲ ಈ ಬಿಲ್ಲೆಗಳೊಳಗೇ.

ಕೊಪ್ಪಳದ ಹುಡುಗಿಯ ಕಣ್ಣು ಬ್ಯಾಂಕಿನ ಮೇಲೆ. ಸರ್ಕಾರಿ ಬ್ಯಾಂಕುಗಳು ಕೃಷಿ ಕ್ಷೇತ್ರಾಧಿಕಾರಿಗಳನ್ನು ಬೇರೆಯೇ ಪರೀಕ್ಷೆ ನಡೆಸಿ ಆರಿಸಿಕೊಳ್ಳುತ್ತವೆ; ಬೆಳೆಸಾಲದ ಅರ್ಜಿ ಹಿಡಿದು ಹೊಲ ನೋಡಿ ಬರುವವರು ಇವರು. ನಬಾರ್ಡ್ ಅದಕ್ಕೂ ಮೇಲಿನ ಮೆಟ್ಟಿಲು. ಇನ್ನಿಬ್ಬರು ಲೋಕಸೇವಾ ಆಯೋಗದ ಪರೀಕ್ಷೆಗೆ ಓದುತ್ತಿದ್ದಾರೆ. 2024ರಲ್ಲಿ ಆಯೋಗ ಕರೆದದ್ದು ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ ಎರಡೂ ಸೇರಿ 945 ಹುದ್ದೆ. ವರ್ಷಗಟ್ಟಲೆ ಕಾದ ಪದವೀಧರರ ಸಾಲಿನ ಮುಂದೆ ಅದು ಸಣ್ಣ ಸಂಖ್ಯೆ. ಒಬ್ಬನಿಗೆ ರಾಣೆಬೆನ್ನೂರಿನ ಕಡೆ ಬೀಜದ ಕಂಪನಿ ಸೇರುವಾಸೆ. ಅಲ್ಲಿ ತರಕಾರಿಯ ಹೈಬ್ರಿಡ್ ಬೀಜೋತ್ಪಾದನೆ ಊರೂರಿನ ಕಸುಬು. ಔಷಧಿ ಕಂಪನಿಯ ಕೆಲಸವೂ ಉಂಟು, ಕೈತುಂಬ ಸಂಬಳ, ಜೊತೆಗೆ ತಿಂಗಳ ಗುರಿ. ಒಬ್ಬಳು ಮಾತ್ರ ಕೀಟಶಾಸ್ತ್ರದಲ್ಲಿ ಎಂ.ಎಸ್ಸಿ., ಆಮೇಲೆ ಸಂಶೋಧನೆ ಎಂದಳು. ಕೀಟಶಾಸ್ತ್ರ ಯಾಕಮ್ಮ ಎಂದರೆ, ಮೆಕ್ಕೆಜೋಳ ತಿನ್ನುವ ಫಾಲ್ ಸೈನಿಕ ಹುಳು ಭಾರತಕ್ಕೆ ಬಂದಿದೆಯೆಂದು ಮೊದಲು ಗುರುತಿಸಿದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದಲ್ಲಿ ಎಂದು ಹೆಮ್ಮೆಯಿಂದ ಹೇಳಿದಳು. ಹೊಲದಲ್ಲಿ ಹುಳು ಬಿಡಿಸಿ ನೋಡುವವರು ಇದ್ದುದರಿಂದಲೇ ಅದು ಬೇಗ ಗೊತ್ತಾಯಿತು.

ಗೊಬ್ಬರದಂಗಡಿಯ ಬಿಲ್ಲೆಗೆ ಯಾರೂ ಕೈ ಎತ್ತಲಿಲ್ಲ. ಇದೇ ನನ್ನ ತಕರಾರು. ರೈತ ಕಾಯಿಲೆಬಿದ್ದ ಎಲೆ ಹಿಡಿದು ಮೊದಲು ಓಡುವುದು ಅಲ್ಲಿಗೆ. ಕೀಟನಾಶಕ ಮಾರಲು ಈಗ ತಕ್ಕ ಓದು ಬೇಕೆಂಬ ನಿಯಮ ಬಂದಿದೆ. ಹಳೆಯ ಅಂಗಡಿಯವರಿಗೆಂದೇ ‘ದೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾ ನಡೆಯುತ್ತಿದೆ. ಪದವೀಧರರೇ ಕೃಷಿ ಚಿಕಿತ್ಸಾಲಯ ತೆರೆಯಲಿ ಎಂದು ಕೇಂದ್ರ ಸರ್ಕಾರ 2002ರಲ್ಲಿ ತರಬೇತಿ, ಸಾಲ, ಸಹಾಯಧನದ ಯೋಜನೆ ತಂದಿತು. ಕೃಷಿ ಓದಿದವರು ಹೊಲ ಉಳುವುದಿಲ್ಲ ಎಂಬ ದೂರು ಹಳೆಯದು. ಎಲ್ಲರೂ ಉಳಬೇಕಾಗಿಲ್ಲ. ರೈತ ನಿಲ್ಲುವ ಪ್ರತಿ ಕೌಂಟರಿನ ಆಚೆ, ಬೆಳೆಯ ಸಂಕಟ ಬಲ್ಲ ಒಬ್ಬರು ಕೂತರೆ ಸಾಕು.

ಅಂಚಿನಲ್ಲಿದ್ದ ವಿಶ್ವವಿದ್ಯಾಲಯದ ಬಿಲ್ಲೆಯ ಬಳಿ ಒಬ್ಬ ಹಿರಿಯರು ನಿಂತಿದ್ದರು. “ಮುಂಚೆ ಇದು ಹತ್ರ ಇತ್ತು” ಎಂದರು.

ಇದ್ದದ್ದು ನಿಜ. ಹೆಬ್ಬಾಳದಲ್ಲಿ 1899ರಲ್ಲಿ ಮೂವತ್ತು ಎಕರೆಯ ಪ್ರಯೋಗ ಕ್ಷೇತ್ರದಿಂದ ಶುರುವಾದದ್ದು ಮೈಸೂರು ಸೀಮೆಯ ಕೃಷಿ ವಿಜ್ಞಾನ. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಅಡಿಕೆಯ ಕೊಳೆರೋಗದ ಬೆನ್ನುಹತ್ತಿ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ಕಲಿಸಿದರು. 1946ರಲ್ಲಿ ಹೆಬ್ಬಾಳದ ಕಾಲೇಜು, ಮರುವರ್ಷ ಧಾರವಾಡದ್ದು, 1964ರಲ್ಲಿ ವಿಶ್ವವಿದ್ಯಾಲಯ. ಇವೆಲ್ಲ ಹಿರಿಯರಿಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಮಂಡ್ಯದ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ಮತ್ತು ಅಲ್ಲಿನ ತಳಿವಿಜ್ಞಾನಿ ‘ರಾಗಿ’ ಲಕ್ಷ್ಮಣಯ್ಯ. ರಾಗಿಯ ಹೂವು ಕಣ್ಣಿಗೆ ಬೀಳದಷ್ಟು ಸಣ್ಣದು, ತನ್ನೊಳಗೇ ಕಾಯಿ ಕಟ್ಟುವಂಥದ್ದು. ಎರಡು ತಳಿ ಕೂಡಿಸುವುದು ಹರಸಾಹಸ. ಲಕ್ಷ್ಮಣಯ್ಯ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ನಂಟು ಬೆಳೆಸಿ ಇಂಡಾಫ್ ತಳಿಗಳನ್ನು ಕೊಟ್ಟರು.

“ನಮ್ಮಪ್ಪ ಇಂಡಾಫ್ ಚೆಲ್ಲಿದ ವರ್ಷ ಕಣದಲ್ಲಿ ಜಾಗ ಸಾಲದೆ ಹೋಯ್ತು” ಎಂದ ಹಿರಿಯರು ಬಗ್ಗಿ ಬಿಲ್ಲೆಯನ್ನು ಎತ್ತಿದರು. ಊರಿನ ಪಕ್ಕ ಇಡಬಹುದೆಂದು ಹುಡುಗರು ಕಾದರು. ಅವರು ಎರಡು ಹೆಜ್ಜೆ ಮುಂದೆ ತಂದು, ರೈತ ಸಂಪರ್ಕ ಕೇಂದ್ರದ ಹಿಂದೆ ಇಟ್ಟು, “ನೀವು ಬಂದಿದ್ದಕ್ಕೆ ಇಷ್ಟು. ಮಿಕ್ಕಿದ್ದು ನೀವು ಕೆಲಸಕ್ಕೆ ಸೇರಿದ್ಮೇಲೆ ನೋಡಾಣ” ಎಂದರು.

ಸಂಜೆ ಐದಕ್ಕೆ ಮತ್ತೆ ಹಾಲಿನ ಹೊತ್ತಾಯಿತು. ಜನ ಎದ್ದರು. ಹುಡುಗರು ಚಿತ್ರದ ಫೋಟೊ ಹಿಡಿದು, ಬಿಲ್ಲೆಗಳನ್ನು ಚೀಲಕ್ಕೆ ತುಂಬಿದರು. ಮುದುಕಿ ಮಾತ್ರ ಇನ್ನೂ ಜಗಲಿಯಲ್ಲಿದ್ದಳು. ನಾಲೆಯ ನೀಲಿ ಚುಕ್ಕಿಗಳು ಫೋಟೊದಲ್ಲಿ ಬಂದಿವೆಯೋ ಇಲ್ಲವೋ ಎಂದು ಎರಡು ಸಲ ಕೇಳಿ ನೋಡಿಕೊಂಡಳು.

ಏಳನೆಯ ಸೆಮಿಸ್ಟರಿನ ಈ ಮಕ್ಕಳು ನಿಮ್ಮ ಊರಿಗೂ ಬಂದಾರು. ರಂಗೋಲಿ ಹಾಕುವ ದಿನ ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ, ನಿಮ್ಮ ತೂಬಿಗೆ ನೀರು ಬರುವುದಿಲ್ಲವಾದರೆ ಅದನ್ನು ಬರೆಸಿ ಬನ್ನಿ.