ಮನೆ ಬಾಗಿಲಿಗೆ ಬಂದ ತಪಾಸಣೆ

2020ರ ಫೆಬ್ರುವರಿಯಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ಕಾರಿನಿಂದ ಇಳಿಯದೆಯೇ ಕೋವಿಡ್ ಪರೀಕ್ಷೆ ಮಾಡಿಸಿಕೊಳ್ಳುವ ಕೇಂದ್ರ ಶುರುವಾಯಿತು. ಬೇರೆ ದೇಶಗಳೂ ಅದನ್ನು ಅನುಸರಿಸಿದವು. ಆದರೆ ರೋಗಿಯೇ ವಾಹನ ಹತ್ತಿ ಬರಬೇಕಾದ ಈ ಏರ್ಪಾಡು ತಮಿಳುನಾಡಿನ ಧರ್ಮಪುರಿ ಜಿಲ್ಲೆಯ ಮೊರಪ್ಪೂರಿನ ಸುತ್ತಲ ಹಳ್ಳಿಗಳಿಗೆ ಒಗ್ಗುವಂಥದ್ದಲ್ಲ. ಬಿಪಿ, ಶುಗರ್ ನೋವು ಕೊಡದ ಕಾಯಿಲೆಗಳು; ಅವುಗಳ ಪರೀಕ್ಷೆಗೆಂದು ದಿನದ ಕೂಲಿ ಬಿಟ್ಟು ಬಸ್ಸು ಹಿಡಿಯುವವರು ಕಡಿಮೆ. ಸಾಂಕ್ರಾಮಿಕವಲ್ಲದ ಕಾಯಿಲೆಗಳ ಕುರಿತ 2020ರ ಸ್ಟೆಪ್ಸ್ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ ಅಧಿಕ ರಕ್ತದೊತ್ತಡ ಇದ್ದವರ ಪೈಕಿ ಅದು ಹತೋಟಿಯಲ್ಲಿದ್ದದ್ದು ಶೇ 7.3ರಷ್ಟು ಜನರಿಗೆ ಮಾತ್ರ. ಇಲ್ಲಿ ಊರೂರು ಸುತ್ತಬೇಕಾದದ್ದು ಪರೀಕ್ಷೆಯೇ. 2021ರ ಆಗಸ್ಟ್ 5ರಂದು ನೆರೆಯ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಚಾಲನೆ ಪಡೆದ ‘ಮಕ್ಕಳೈ ತೇಡಿ ಮರುತ್ತುವಂ’ (ಜನರನ್ನು ಅರಸಿ ಬರುವ ವೈದ್ಯಕೀಯ) ಯೋಜನೆ ಮಾಡಿದ್ದು ಅದನ್ನೇ: ಸ್ವಯಂಸೇವಕಿಯರು ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುತ್ತಾರೆ, ಮಾತ್ರೆ ತಲುಪಿಸುತ್ತಾರೆ.

ಈ ಸ್ವಯಂಸೇವಕಿಯರು ಎಲ್ಲಿಂದ ಬಂದರು? ಬಹುತೇಕ ಸ್ವಸಹಾಯ ಸಂಘಗಳಿಂದ. ತಮಿಳುನಾಡಿನ ಸ್ವಸಹಾಯ ಸಂಘಗಳ ಚಳವಳಿ 1989ರಲ್ಲಿ, ಅಂತರರಾಷ್ಟ್ರೀಯ ಕೃಷಿ ಅಭಿವೃದ್ಧಿ ನಿಧಿಯ ನೆರವಿನಿಂದ, ಮೊಳೆತದ್ದು ಇದೇ ಧರ್ಮಪುರಿಯಲ್ಲಿ. ಆಗ ಕೃಷ್ಣಗಿರಿಯೂ ಅದರೊಳಗೇ ಇತ್ತು. ಬಳಿಕ ಚಳವಳಿ ಸೇಲಂಗೆ ಹಬ್ಬಿತು. ಉಳಿತಾಯ, ಸಾಲ, ಲೆಕ್ಕದ ಪುಸ್ತಕ ಎಂದು ಮೂರು ದಶಕ ನಡೆದ ಈ ಸಂಘಗಳಿಂದ ಹೆಂಗಸರಿಗೆ ಪಟ್ಟಿ ಇಡುವುದು, ವಾಯಿದೆ ನೆನಪಿಸುವುದು ರೂಢಿಯಾಗಿತ್ತು. ಜೀವನಪೂರ್ತಿ ಮಾತ್ರೆ ನುಂಗಬೇಕಾದ ಕಾಯಿಲೆಗೆ ಬೇಕಾದದ್ದೂ ಅದೇ ಶಿಸ್ತು. ಬಿಪಿ ನೋಡುವ ಯಂತ್ರವನ್ನು ಯಾವ ಸರ್ಕಾರವಾದರೂ ಕೊಂಡೀತು, ಈ ಒಗ್ಗಟ್ಟನ್ನು ಒಂದೇ ವರ್ಷದಲ್ಲಿ ಕಟ್ಟಲಾಗದು.

ಡಾಕ್ಟರಲ್ಲದವರ ಕೈಗೆ ಪರೀಕ್ಷೆ ಕೊಡುವುದು ಸರಿಯೇ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಅವರು ಕಾಯಿಲೆಯನ್ನು ನಿರ್ಧರಿಸುವುದಿಲ್ಲ. ಅನುಮಾನ ಬಂದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸುತ್ತಾರೆ, ಔಷಧಿ ಬರೆಯುವುದು ವೈದ್ಯರೇ. ನನ್ನನ್ನು ಹೆಚ್ಚು ಕಾಡುವುದು ಸಂಬಳದ ಮಾತು. ಆರಂಭದಲ್ಲಿ ಗೊತ್ತುಮಾಡಿದ ಗೌರವಧನ ತಿಂಗಳಿಗೆ 4,500 ರೂಪಾಯಿ. ಸೇವೆ ಎಂಬ ಹೆಸರಿನಲ್ಲಿ ಹೆಂಗಸರ ದುಡಿಮೆಯನ್ನು ಅಗ್ಗವಾಗಿ ಪಡೆಯುವುದು ಅನ್ಯಾಯ. 2024ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿ ಯೋಜನೆಗೆ ಸಿಕ್ಕಿತೆಂದು ಅದು ನ್ಯಾಯವಾಗದು. ಇನ್ನೊಂದು ಕೊರತೆ, ಗಂಡಸರು ತಪಾಸಣೆಗೆ ಸಿಗದಿರುವುದು. ಸ್ವಯಂಸೇವಕಿ ಬರುವ ಹೊತ್ತಿಗೆ ಅವರು ಮನೆಯಲ್ಲಿರುವುದಿಲ್ಲ. ಅದಕ್ಕೆಂದೇ 2024ರಲ್ಲಿ ತಪಾಸಣೆಯನ್ನು ಕೆಲಸದ ಜಾಗಗಳಿಗೂ ಒಯ್ದರು. ಆದರೆ ಧರ್ಮಪುರಿಯಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದವರು ಗಡಿ ದಾಟಿರುತ್ತಾರೆ. ಅವರನ್ನು ತಲುಪಲು ಕರ್ನಾಟಕದ ಆರೋಗ್ಯ ಇಲಾಖೆಯೂ ಕೈಜೋಡಿಸಬೇಕಾಗುತ್ತದೆ.