ಬೀದರ್‌ಗೆ ರಾತ್ರಿ ರೈಲು, ಗುರುದ್ವಾರದಲ್ಲಿ ಪಂಕ್ತಿ ಊಟ

ಸೆಮಿಸ್ಟರ್ ರಜೆ ಬಂತು ಅಂದ್ರೆ ಹಾಸ್ಟೆಲ್‌ಗಳಲ್ಲಿ ಒಂದೇ ಮಾತು: ಬ್ಯಾಗ್ ಏರಿಸ್ಕೊಂಡು ರೈಲು ಹತ್ತೋಣ. ಪ್ಲಾನ್ ಮಾತ್ರ ಯಾವಾಗಲೂ ಅಮೃತಸರ, ಮನಾಲಿ ಕಡೆಗೇ ಓಡುತ್ತೆ. ಸ್ವರ್ಣಮಂದಿರ ನೋಡಬೇಕು, ಲಂಗರ್‌ನಲ್ಲಿ ಉಣ್ಣಬೇಕು ಅನ್ನೋ ಆಸೆ ಒಳ್ಳೆಯದೇ. ಆದರೆ ಒಂದೇ ರಾತ್ರಿಯ ದೂರದಲ್ಲಿ, ನಮ್ಮದೇ ರಾಜ್ಯದ ತುದಿಯಲ್ಲಿ, ಪಂಜಾಬಿನವರೇ ಹುಡುಕಿಕೊಂಡು ಬರುವ ಗುರುದ್ವಾರ ಇದೆ. ಬೀದರ್‌ನ ಗುರುನಾನಕ್ ಝೀರಾ ಸಾಹೇಬ್.

ಉತ್ತರ ಬೆಂಗಳೂರಿನಲ್ಲಿರುವ ನಮಗೆ ಮೆಜೆಸ್ಟಿಕ್‌ಗೆ ಹೋಗುವ ತಾಪತ್ರಯವೂ ಇಲ್ಲ. ಯಶವಂತಪುರ-ಬೀದರ್ ಎಕ್ಸ್‌ಪ್ರೆಸ್ ಯಲಹಂಕದ ಮೇಲೇ ಹೋಗುತ್ತೆ. ಸಂಜೆ ಹತ್ತಿದರೆ ಬೆಳಗ್ಗೆ ಬೀದರ್. ದಾರಿ ತಮಾಷೆಯಾಗಿದೆ: ಹಿಂದೂಪುರ, ಗುಂತಕಲ್ ಅಂತ ಆಂಧ್ರ ದಾಟಿ, ರಾಯಚೂರಿನಲ್ಲಿ ಮತ್ತೆ ಕರ್ನಾಟಕಕ್ಕೆ ಬಂದು, ತಾಂಡೂರು, ವಿಕಾರಾಬಾದ್ ಅಂತ ತೆಲಂಗಾಣ ಸುತ್ತಿ ಬೀದರ್ ಸೇರುತ್ತೆ. ನಮ್ಮದೇ ಜಿಲ್ಲೆ ತಲುಪೋಕೆ ಎರಡು ರಾಜ್ಯ! ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರ್‌ಗೆ ನೇರ ಹಳಿ ಬಂದಿದ್ದೇ 2017ರಲ್ಲಿ.

ಝೀರಾ ಅಂದ್ರೆ ಒರತೆ, ಬುಗ್ಗೆ. 16ನೇ ಶತಮಾನದ ಆರಂಭದಲ್ಲಿ ಗುರುನಾನಕರು ದಕ್ಷಿಣದ ಕಡೆ ಬಂದಾಗ ಈ ಊರಿನ ಜನ ಸಿಹಿನೀರಿಲ್ಲದೆ ಒದ್ದಾಡ್ತಿದ್ರಂತೆ. ಗುರುಗಳು ಕಾಲಿನಿಂದ ಒಂದು ಕಲ್ಲು ಸರಿಸಿದರು, ನೀರು ಚಿಮ್ಮಿತು ಅನ್ನೋದು ಪರಂಪರೆಯ ಕಥೆ. ಸಿವಿಲ್ ಬ್ರಾಂಚಿನವರು ಇಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬಹುದು. ಬೀದರ್ ಕೂತಿರೋದು ತೂತುತೂತಾದ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಮಳೆನೀರು ಅದರೊಳಗೆ ಇಳಿಯುತ್ತೆ, ಕೆಳಗಿನ ಗಟ್ಟಿ ಪದರ ಸಿಕ್ಕಲ್ಲಿ ತಡೆದು ಪಕ್ಕಕ್ಕೆ ಹರಿದು ಅಂಚಿನಲ್ಲಿ ಒಸರುತ್ತೆ. ಇದೇ ಗುಟ್ಟು ತಿಳಿದಿದ್ದ ಬಹಮನಿಗಳ ಕಾಲದವರು ನೌಬಾದ್ ಹತ್ತಿರ ನೆಲದೊಳಗೆ ಸುರಂಗ ಕೊರೆದು ನೀರು ತಂದರು. ಆ ಕರೇಜನ್ನೂ ನೋಡಿ ಬನ್ನಿ.

ಗುರುದ್ವಾರದೊಳಗೆ ನಡೆಯೋದು ಸುಲಭ. ತಲೆಗೆ ಬಟ್ಟೆ ಕಟ್ಟಬೇಕು (ಕ್ಯಾಪ್ ನಡೆಯಲ್ಲ, ಕರ್ಚೀಫ್ ಸಾಕು), ಚಪ್ಪಲಿ ಹೊರಗೆ, ಕೈಕಾಲು ತೊಳೆದು ಒಳಗೆ. ಸಿಗರೇಟು, ಗುಟ್ಕಾ ಜೇಬಲ್ಲೂ ಇರಬಾರದು. ಗ್ರಂಥ ಸಾಹೇಬ್ ಎದುರು ತಲೆಬಾಗಿ, ಗೋಧಿಹಿಟ್ಟು, ತುಪ್ಪ, ಸಕ್ಕರೆಯ ಕಡಾ ಪ್ರಸಾದವನ್ನು ಎರಡೂ ಕೈ ಜೋಡಿಸಿ ತಗೋಬೇಕು.

ಆಮೇಲೆ ಲಂಗರ್. ನೆಲದ ಮೇಲೆ ಉದ್ದ ಸಾಲು, ಅದಕ್ಕೆ ಅವರು ಪಂಗತ್ ಅಂತಾರೆ. ನಮ್ಮ ಪಂಕ್ತಿಯೇ. ವ್ಯತ್ಯಾಸ ಏನಪ್ಪಾ ಅಂದ್ರೆ, ಪಂಕ್ತಿಭೇದ ಅನ್ನೋ ಪದ ಕನ್ನಡದಲ್ಲಿ ಹುಟ್ಟೋಕೆ ಕಾರಣ ಇತ್ತು, ಆ ಕಾರಣವನ್ನೇ ಮುರಿಯೋಕೆ ಪಂಗತ್ ಹುಟ್ಟಿತು. ತಮ್ಮನ್ನು ಕಾಣಲು ಬಂದವರು ಯಾರೇ ಆಗಲಿ, ಮೊದಲು ಸಾಲಲ್ಲಿ ಕೂತು ಉಣ್ಣಬೇಕು ಅಂತ ಮೂರನೇ ಗುರು ಅಮರದಾಸರು ಕಟ್ಟಳೆ ಮಾಡಿದ್ದರಂತೆ. ಬಸವಣ್ಣನವರ ಕಲ್ಯಾಣ, ಇವತ್ತಿನ ಬಸವಕಲ್ಯಾಣ, ಇರೋದೂ ಇದೇ ಜಿಲ್ಲೆಯಲ್ಲೇ. ದಾಸೋಹ ಅನ್ನೋ ಪದ ಗೊತ್ತಿರುವವನಿಗೆ ಲಂಗರ್ ವಿವರಿಸೋ ಅಗತ್ಯವೇ ಇಲ್ಲ.

1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಕಟ್ಟಿದಾಗ ತಲೆ ಕೊಡಲು ಮುಂದೆ ಬಂದ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರು, ಕ್ಷೌರಿಕರ ಮನೆಯವರು ಅಂತ ಸಿಖ್ ಪರಂಪರೆ ನೆನೆಯುತ್ತೆ. ಈ ಊರು ಪಂಜಾಬಿಗೆ ಹತ್ತಿರವಾಗಿರೋದು ಅದಕ್ಕೇ.

ಇನ್ನೊಂದು ವಿಷಯವನ್ನು ಟ್ರಾವೆಲ್ ವಿಡಿಯೋಗಳು ಹೇಳಲ್ಲ. ಬೀದರ್‌ನಲ್ಲಿ ಗುರುನಾನಕರ ಹೆಸರಿನ ಎಂಜಿನಿಯರಿಂಗ್ ಕಾಲೇಜು 1980ರಲ್ಲೇ ಶುರುವಾಗಿ, ಪಂಜಾಬ್ ಕಡೆಯಿಂದ ಹುಡುಗರು ಓದೋಕೆ ಬರ್ತಿದ್ರು. 1988ರ ಸೆಪ್ಟೆಂಬರ್‌ನಲ್ಲಿ ಊರಲ್ಲಿ ಸಿಖ್ ವಿದ್ಯಾರ್ಥಿಗಳ ಮೇಲೆ ದಾಳಿ ನಡೆದು ಹಲವರು ಪ್ರಾಣ ಕಳೆದುಕೊಂಡರು. ನಮ್ಮ ವಯಸ್ಸಿನವರು, ರೂಮು ಬಾಡಿಗೆಗೆ ಹಿಡಿದು ಓದುತ್ತಿದ್ದವರು. ಆ ಊರಲ್ಲಿ ಲಂಗರ್ ಇವತ್ತಿಗೂ ಹೆಸರು, ಜಾತಿ, ಊರು ಕೇಳದೆ ಬಡಿಸುತ್ತೆ. ತಟ್ಟೆ ಮುಂದೆ ಕೂತಾಗ ಇದು ಗೊತ್ತಿರಲಿ ಅಂತಷ್ಟೇ ನಮ್ಮ ಆಸೆ.

ಬ್ಯಾಕ್‌ಪ್ಯಾಕರ್‌ಗಳಲ್ಲಿ ಗುರುದ್ವಾರ ಅಂದ್ರೆ ಫ್ರೀ ಊಟ, ಫ್ರೀ ರೂಮು ಅನ್ನೋ ಮಾತಿದೆ. ನಮಗೆ ಅದು ಅಷ್ಟು ಹಿಡಿಸಲ್ಲ. ಯಾತ್ರಿಗಳ ವಸತಿಗೆ ಐಡಿ ಕಾರ್ಡ್ ತೋರಿಸಿ ಕೇಳಿ. ಜಾತ್ರೆ, ಗುರುನಾನಕ್ ಜಯಂತಿ ಸಮಯದಲ್ಲಿ ಕುಟುಂಬಗಳಿಗೆ ಜಾಗ ಬಿಡಿ. ರೊಟ್ಟಿಗೆ ಎರಡೂ ಕೈ ಚಾಚಿ, ಬೇಕಾದಷ್ಟೇ ಹಾಕಿಸಿಕೊಳ್ಳಿ, ತಟ್ಟೆಯಲ್ಲಿ ಬಿಡಬೇಡಿ. ಊಟ ಆದ್ಮೇಲೆ ಸೇವೆ ಮಾಡಬಹುದಾ ಅಂತ ಕೇಳಿದರೆ ಯಾರೂ ಬೇಡ ಅನ್ನಲ್ಲ. ಈರುಳ್ಳಿ ಹೆಚ್ಚೋದು, ರೊಟ್ಟಿ ಲಟ್ಟಿಸೋದು, ಪಾತ್ರೆ ತೊಳೆಯೋದು ಇದ್ದೇ ಇರುತ್ತೆ. ಹಾಸ್ಟೆಲ್‌ನಲ್ಲಿ ಸ್ವಂತ ತಟ್ಟೆ ತೊಳೆಯದವರೂ ಅಲ್ಲಿ ಗಂಟೆಗಟ್ಟಲೆ ನಿಂತು ತೊಳೆದದ್ದನ್ನು ನಾವು ಕಂಡಿದ್ದೇವೆ.

ಅಷ್ಟು ದೂರ ಹೋಗೋ ಮುಂಚೆ ರೂಢಿ ಮಾಡ್ಕೊಳ್ಳೋ ಆಸೆ ಇದ್ರೆ, ಹಲಸೂರು ಕೆರೆ ಪಕ್ಕದ ಗುರುದ್ವಾರಕ್ಕೆ ಒಂದು ಭಾನುವಾರ ಹೋಗಿ ಬನ್ನಿ. ಬೀದರ್ ಮುಗಿಸಿದ ಮೇಲೂ ಕಾಲು ನಿಲ್ಲದಿದ್ರೆ ಅದೇ ಹಳಿ ಹಿಡಿದು ಮುಂದೆ ನಾಂದೇಡ್. ಗುರು ಗೋವಿಂದ ಸಿಂಗರು 1708ರಲ್ಲಿ ಕೊನೆಯುಸಿರೆಳೆದ ಊರು ಅದು, ಸ್ಟೇಷನ್ ಬೋರ್ಡ್ ಮೇಲೇ ಹಜೂರ್ ಸಾಹೇಬ್ ಅಂತಿರುತ್ತೆ.